ಸರ್ದಾರನ ಕಿವಿಯ ನಂಬರು

ಕಲ್ಯಾಣಪ್ಪನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಸಿಟ್ಟು ಬೆಳಿಗ್ಗೆ ಎದ್ದ ಕೂಡಲೇ ಬರುತ್ತಿತ್ತು. ಕಾರಣ ಮಧ್ಯಾಹ್ನದೊಳಗೆ ಎಲ್ಲಾದರೂ ಸಿಗುತ್ತಿತ್ತು. ಬಶೀರಾಬಾದಿನ ಅಂಚಿನಲ್ಲಿ ಅವನ ಮನೆ, ಮನೆಯ ಹಿಂದೆ ದೊಡ್ಡಿ, ದೊಡ್ಡಿಯಲ್ಲಿ ಅರವತ್ತು ಚಿಲ್ಲರೆ ಕುರಿ, ಪ್ಲಾಸ್ಟಿಕ್ಕಿನ ರುಚಿ ಹತ್ತಿದ ಒಂದು ಮುದಿ ಮೇಕೆ, ಮತ್ತು ಸರ್ದಾರ.

ಸರ್ದಾರ ಎಂದರೆ ಟಗರು. ಅದು ಹುಟ್ಟಿದ ಮೂರನೇ ದಿನ ತಾಯಿ ಸತ್ತಿತ್ತು. ಕಲ್ಯಾಣಪ್ಪನ ಹೆಂಡತಿ ಲಕ್ಷ್ಮಿಬಾಯಿ ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಈಗ ಅದು ಬಾಗಿಲಿಗೆ ಅಡ್ಡ ನಿಂತರೆ ಮನೆಯವರು ಹಿತ್ತಲಿನಿಂದ ಒಳಗೆ ಬರಬೇಕಿತ್ತು. ಕರೆದರೆ ಲಕ್ಷ್ಮಿಬಾಯಿಯ ದನಿಗೆ ಮಾತ್ರ ತಿರುಗುತ್ತಿತ್ತು. ಕಲ್ಯಾಣಪ್ಪ ಕರೆದರೆ ಯಾರನ್ನೋ ಬೈಯುತ್ತಿದ್ದಾನೆ ಎಂದು ತಿಳಿದು ಮೇಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಪಶು ಆಸ್ಪತ್ರೆಯ ಧಮ್ಮಶೀಲಾ ಬಂದು ಕುರಿಗಳಿಗೆಲ್ಲ ಹಳದಿ ಬಿಲ್ಲೆ ಹೊಡೆದು ಹೋದಳು. ಬಿಲ್ಲೆ ಎಂದರೆ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ. ಕಿವಿಯ ಕಡೆಯಿಂದ ತುದಿಯವರೆಗೆ ಎಂಟು ಅಂಕಿ. ಆ ದಿನ ಕಲ್ಯಾಣಪ್ಪ ಮನೆಯಲ್ಲಿರಲಿಲ್ಲ, ತಾಂಡೂರಿನಲ್ಲಿ ಯಾರೊಡನೆಯೋ ಜಗಳವಾಡುತ್ತಿದ್ದ. ಧಮ್ಮಶೀಲಾ ಕೇಳಿದ್ದನ್ನೆಲ್ಲ ಲಕ್ಷ್ಮಿಬಾಯಿ ಹೇಳಿ ಸಹಿ ಮಾಡಿದಳು. ಸರ್ದಾರನ ಕಿವಿಗೆ ಬಂದ ನಂಬರು 73939133.

ಒಂದು ಭಾನುವಾರ ಮಗಳು ಶಿರೀಷಾ ದೊಡ್ಡಿ ಗುಡಿಸುತ್ತಿದ್ದವಳು ಸರ್ದಾರನ ಎದುರು ಕಸಬರಿಗೆ ಹಿಡಿದು ನಿಂತುಬಿಟ್ಟಳು. ಅವಳು ತಾಂಡೂರಿನ ಹಾಸ್ಟೆಲಿನಲ್ಲಿದ್ದು ಗಣಿತ ಓದುತ್ತಿದ್ದಳು. ಬಿಲ್ಲೆ ನೋಡಿದಳು, ಫೋನ್ ನೋಡಿದಳು, ಮತ್ತೆ ಬಿಲ್ಲೆ ನೋಡಿದಳು.

"ಅಪ್ಪಾ! ಇದು ಅವಿಭಾಜ್ಯ ಸಂಖ್ಯೆ ಅದ!"

"ಯಾವ ಮಗ ಅಂದ ಹಂಗ?" ಕಲ್ಯಾಣಪ್ಪ ಕೋಲು ಹುಡುಕಿದ.

"ಬೈಗಳ ಅಲ್ಲಪ್ಪಾ. ಇಷ್ಟು ಕುರಿ ನಿನ್ನ ಹತ್ರ ಅವ ಅಂತ ತಿಳಿ. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ಮೂರು. ಎರಡು ದೊಡ್ಡಿ ಮಾಡು, ಏಳು ಮಾಡು, ನೂರು ಮಾಡು. ಎಲ್ಲಾ ದೊಡ್ಡಿಗೂ ಸಮಾ ಹಂಚಾಕ ಬರಂಗಿಲ್ಲ. ಹೊರಗ ಉಳದೇ ಉಳೀತಾವ."

ಇದು ಕಲ್ಯಾಣಪ್ಪನಿಗೆ ಚೆನ್ನಾಗಿ ತಿಳಿಯಿತು. ಅವನು ಓದಿದ್ದು ಐದನೇ ಇಯತ್ತೆ, ಆದರೆ ನಲವತ್ತು ವರ್ಷ ದೊಡ್ಡಿಯ ಬಾಗಿಲಲ್ಲಿ ನಿಂತು ಜೋಡಿ ಜೋಡಿಯಾಗಿ ಕುರಿ ಎಣಿಸಿದ್ದ. ಜೋಡಿ ಸಿಗದೆ ಕೊನೆಗೆ ಉಳಿಯುವ ಒಂದು ಕುರಿ ಎಷ್ಟು ಹಟಮಾರಿಯೆಂದು ಅವನಿಗೆ ಗೊತ್ತು.

"ಇನ್ನೂ ಕೇಳು. ಕೊನೀ ಅಂಕಿ ಕಿತ್ತು ಒಗಿ. ಉಳಿದದ್ದೂ ಭಾಗ ಆಗಂಗಿಲ್ಲ. ಮತ್ತೊಂದು ಕೀಳು, ಅದೂ ಆಗಂಗಿಲ್ಲ. ಹಂಗೇ ಕಿತ್ಕೋತ ಕಿತ್ಕೋತ ಏಳರ ತನಕ ಬಾ, ಒಂದೂ ಜಗ್ಗಂಗಿಲ್ಲ! ಇಂಥಾ ಸಂಖ್ಯೆ ಬರೀ ಎಂಬತ್ಮೂರು ಅವ. ಅದರಾಗ ಎಲ್ಲಾದಕ್ಕಿಂತ ದೊಡ್ಡದು ಇದೇ. ಆದ್ರ ಒಂದು ಮಾತು ನೆನಪಿಡು, ಭಾಗ ಆಗಂಗಿಲ್ಲ ಅಂದ್ರ ಒಂದರಿಂದ ಬಿಟ್ಟು, ಮತ್ತ..."

ಆ 'ಮತ್ತ' ಎಂಬುದರ ಮುಂದೆ ಏನಿತ್ತೋ ಅದನ್ನು ಸರ್ದಾರ ಮಾತ್ರ ಕೇಳಿಸಿಕೊಂಡಿತು. ಕಲ್ಯಾಣಪ್ಪ ಆಗಲೇ ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ಬಸ್ ಸ್ಟ್ಯಾಂಡಿನ ಎದುರಿಗೆ ಖಂಡೆಪ್ಪನ ಚಹಾದ ಹೋಟೆಲು. ಅದರ ಮುಂದೆ ತಾಂಡೂರಿನ ಫರ್ಸಿ ಕಲ್ಲು ಹಾಸಿದ ದೊಡ್ಡ ಕಟ್ಟೆ.

"ನನ್ನ ಟಗರಿನ ನಂಬರು ಜಗತ್ತಿನಾಗ ಎಲ್ಲಾದಕ್ಕಿಂತ ದೊಡ್ಡದು," ಎಂದು ಕೂರುವ ಮೊದಲೇ ಕಲ್ಯಾಣಪ್ಪ ಸಾರಿದ.

"ನಿಂದು ಎಂಟು ಅಂಕಿ. ನನ್ನ ಫೋನ್ ನಂಬರಿಗೆ ಹತ್ತು ಅವ," ಎಂದ ಖಂಡೆಪ್ಪ ಚಹಾ ಸೋಸುತ್ತ.

"ನಿಂದು ಕೊನಿಗೆ ಎಷ್ಟದ?"

"ಆರು."

"ಎರಡರಿಂದ ಒಡದು ಹೋಗ್ತದ. ಥೂ."

ಹದಿನೈದು ವರ್ಷದಿಂದ ಅದೇ ನಂಬರು ಇಟ್ಟುಕೊಂಡಿದ್ದ ಖಂಡೆಪ್ಪನಿಗೆ ಯಾರೂ ಹೀಗೆ ಅವಮಾನ ಮಾಡಿರಲಿಲ್ಲ. ಹೋಟೆಲಿನಲ್ಲಿದ್ದವರೆಲ್ಲ ಮೆಲ್ಲಗೆ ತಂತಮ್ಮ ನಂಬರಿನ ಕೊನೆಯ ಅಂಕಿ ನೆನಪು ಮಾಡಿಕೊಂಡರು. ಪಂಚಾಯ್ತಿ ಸೆಕ್ರೆಟರಿ ದೇವಿದಾಸನದು ಐದು. ಅವನು ಫೋನನ್ನು ಬೋರಲು ಹಾಕಿ ಅದರ ಮೇಲೆ ಕೈ ಇಟ್ಟ.

ಸೀಮೆಸುಣ್ಣ ಬಂತು. ದೇವಿದಾಸ ಅಂಕಿ ಕೂಡಿಸಿ, "ಮೂವತ್ತೆಂಟು. ಮೂರರಿಂದ ಹೋಗಂಗಿಲ್ಲ, ಒಂಬತ್ತರಿಂದ್ಲೂ ಹೋಗಂಗಿಲ್ಲ," ಎಂದು ತೀರ್ಪು ಕೊಟ್ಟ. ಫರ್ಸಿಯ ಮೇಲೆ ಭಾಗಾಕಾರ ಶುರುವಾಯಿತು. ಏಳರಿಂದ ಭಾಗಿಸಿದರೆ ಎರಡು ಉಳಿಯಿತು. ಹನ್ನೊಂದರಿಂದ ನಾಲ್ಕು. ಹದಿಮೂರರಿಂದ ಎಂಟು. ಒಂದೊಂದು ಸಲ ಶೇಷ ಬಂದಾಗಲೂ ಕಲ್ಯಾಣಪ್ಪ ಮೀಸೆಯನ್ನು ಒಂದು ಸುತ್ತು ತಿರುವಿದ.

ಖಂಡೆಪ್ಪ ಕೊನೆಯ ಅಸ್ತ್ರ ಬಿಟ್ಟ. "ಒಂದರಿಂದ ಹೋಗ್ತದಲ್ಲ?"

"ಲೇ, ಎಲ್ಲಾ ಕುರಿ ಒಬ್ಬಂಗೇ ಕೊಟ್ರ ಅದಕ್ಕ ಹಂಚಿಕಿ ಅಂತಾರೇನು? ಅದಕ್ಕ ದೋಚೋದು ಅಂತಾರ!"

ಎಲ್ಲರೂ ಒಪ್ಪಿದರು. ಒಂದನ್ನು ಬಿಟ್ಟುಬಿಡಬೇಕು ಎಂದು ಬಶೀರಾಬಾದಿನ ಚಹಾ ಕಟ್ಟೆ ಸರ್ವಾನುಮತದಿಂದ ನಿರ್ಧರಿಸಿತು. ಗಣಿತ ಬಲ್ಲವರು ಹೇಳುವುದೂ ಅದನ್ನೇ. ಅವರು ಇನ್ನೊಂದನ್ನೂ ಬಿಡುತ್ತಾರೆ, ಆದರೆ ಅವರು ಯಾರೂ ಆ ಕಟ್ಟೆಯ ಮೇಲೆ ಇರಲಿಲ್ಲ.

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಅಷ್ಟರಲ್ಲಿ ತಾಂಡೂರು ಬಸ್ಸಿನಿಂದ ಶಿವರಾಜ ಇಳಿದ.

ಶಿವರಾಜ ಲಕ್ಷ್ಮಿಬಾಯಿಯ ತಮ್ಮ. ನಾರಾಯಣಖೇಡದ ಆಚೆ ಮನೂರಿನವನು. ಹತ್ತನೇ ಇಯತ್ತೆಯನ್ನು ಎರಡು ಸಲ ಓದಿದ್ದರಿಂದ ತಾನು ಮಾವ ಎಂದು ಕರೆಯುವ ಭಾವನಿಗಿಂತ ಆರು ವರ್ಷ ಹೆಚ್ಚು ಓದಿದವನೆಂಬ ಲೆಕ್ಕ ಇಟ್ಟುಕೊಂಡಿದ್ದ. ಸರ್ದಾರನ ಮೇಲೆ ಅವನಿಗೆ ಮರಿಯಾಗಿದ್ದಾಗಿನಿಂದ ಕಣ್ಣು.

"ಏನು ಮಾವ, ಫರ್ಸಿ ಮ್ಯಾಲ ಸಾಲಿ ಹಚ್ಚೀರಿ?"

ವಿಷಯ ಕೇಳಿ ಅವನು ನಕ್ಕ. "ಭಾಗ ಆಗಲಾರದ ನಂಬರು ಎಲ್ಲಿದು? ನಿಮಗ ಭಾಗ ಮಾಡಾಕ ಬರಂಗಿಲ್ಲ ಅನ್ರಿ. ಇಷ್ಟು ದೊಡ್ಡ ನಂಬರಿಗೆ ಭಾಗಕ್ಕ ಏನರ ಒಂದು ಹತ್ತೇ ಹತ್ತತದ."

"ಹತ್ತಿದ್ರ ಸರ್ದಾರನ್ನ ಹೊಡ್ಕೊಂಡು ಹೋಗಲೇ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಕಲ್ಯಾಣಪ್ಪನಿಗೂ ಕೇಳಿಸಿತು. ಆದರೆ ಕಟ್ಟೆಯ ತುಂಬ ಜನ. ಹೆಂಡತಿಯ ತಮ್ಮನ ಎದುರು ಮಾತು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಅವನ ವಂಶದಲ್ಲಿ ಇರಲಿಲ್ಲ.

"ಹತ್ತಲಿಲ್ಲ ಅಂದ್ರ?" ಎಂದು ಖಂಡೆಪ್ಪ ಬೆಂಕಿಗೆ ಊದಿದ.

"ಹತ್ತಲಿಲ್ಲ ಅಂದ್ರ ಇಂವ ಸರ್ದಾರನ್ನ ಹೆಗಲ ಮ್ಯಾಲ ಹೊತ್ಕೊಂಡು ಊರೆಲ್ಲಾ ತಿರುಗಬೇಕು."

ಎಳ್ಳಮಾವಾಸ್ಯೆಯವರೆಗೆ ಗಡುವು. ದೇವಿದಾಸ ಮನೆ ತೆರಿಗೆಯ ನೋಟೀಸಿನ ಹಿಂದೆ ಕರಾರು ಬರೆದ. "'ಒಂದು ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗ ಹೋಗುವುದಿಲ್ಲ.' ಮತ್ತೇನರ ಬಿಡೋದದೇನ್ರಿ ಕಲ್ಯಾಣಪ್ಪ?"

"ಮತ್ತೊಂದೂ ಬಿಡಬ್ಯಾಡ್ರಿ! ಬಿಟ್ಟು ಗಿಟ್ಟು ಅನ್ನೋದು ವಕೀಲರ ಮಾತು."

ಮನೆಗೆ ಬಂದು ಇದನ್ನು ಹೇಳಿದಾಗ ಲಕ್ಷ್ಮಿಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ಒಂದು ಗಳಿಗೆ ನಿಂತಿತು. ಆಮೇಲೆ ಶುರುವಾದ ಬಡಿತ ಮಾತ್ರ ರೊಟ್ಟಿಗಾಗಿ ಅಲ್ಲ ಎಂಬುದು ಕಲ್ಯಾಣಪ್ಪನಂಥವನಿಗೂ ಗೊತ್ತಾಯಿತು.

"ಬಾಟ್ಲಿ ಹಿಡದು ಹಾಲು ಕುಡಿಸಿದಾಕಿ ನಾನು," ಎಂದಳು. "ಶರತ್ತಿಗೆ ಇಟ್ಟವರು ನೀವು."

"ಸೋಲಂಗಿಲ್ಲೇ! ಮಗಳೇ ಅಂದಾಳ!"

ಅಂದಿನಿಂದ ಅವನ ತಟ್ಟೆಗೆ ರೊಟ್ಟಿ ಬಂತು, ಮಜ್ಜಿಗೆ ಬರಲಿಲ್ಲ.

ಹಾಸ್ಟೆಲಿನಲ್ಲಿ ಸುದ್ದಿ ಕೇಳಿದ ಶಿರೀಷಾ ಫೋನ್ ಮಾಡಿದಳು. "ಅಪ್ಪಾ, ಕಾಗದದಾಗ ಏನು ಬರ್ಸೀದಿ?"

"ಒಂದು ಬಿಟ್ಟು ಅಂತ ಬರ್ಸೀನಿ. ಶಾಣ್ಯಾ ಅಲ್ಲೇನು?"

"ಅಷ್ಟೇನಾ? ಅಯ್ಯೋ, ನೀ ಗಲತ್ ಮಾಡ್ದಿ ಅಪ್ಪಾ..."

'ಗಲತ್' ಎಂಬ ಮಾತು ಕಿವಿಗೆ ಬಿದ್ದರೆ ಫೋನ್ ಕಟ್ ಮಾಡುವುದು ಕಲ್ಯಾಣಪ್ಪನ ನಿಯಮ. ಕಟ್ ಮಾಡಿದ. ಶಿರೀಷಾ ತಾಯಿಗೆ ಹೇಳಿದಳು. ತಾಯಿ ಎಲ್ಲ ಕೇಳಿ "ಹೂಂ" ಎಂದಳು. ಮರುದಿನ ಒಂದು ಕ್ಯಾನು ಮಜ್ಜಿಗೆ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ ಬಂದಳು. ಗಂಡನಿಗೆ ಸಿಗದ ಮಜ್ಜಿಗೆ ಎಲ್ಲಿಗೆ ಹೋಯಿತೆಂದು ಕಲ್ಯಾಣಪ್ಪ ಕೇಳುವಂತಿರಲಿಲ್ಲ.

ಇತ್ತ ಊರಿಗೆ ಭಾಗಾಕಾರದ ಜ್ವರ ಬಂತು. ಖಂಡೆಪ್ಪನ ಕಟ್ಟೆ ಸಾಲದೆ ಮನೆಗಳ ಮುಂದಿನ ಫರ್ಸಿಗಳೆಲ್ಲ ಬಿಳಿಯಾದವು. ಹೆಂಗಸರು ರಂಗೋಲಿ ಹಾಕಲು ಜಾಗ ಸಾಲದೆ ಬೈದರು. ಕ್ಯಾಲ್ಕುಲೇಟರಿನಲ್ಲಿ ಭಾಗಿಸಿದವರಿಗೆ ಉತ್ತರದ ನಡುವೆ ಚುಕ್ಕಿ ಬರುತ್ತಿತ್ತು; "ಚುಕ್ಕಿ ಬಂತು" ಎಂದರೆ ಆ ಊರಿನಲ್ಲಿ ಕೆಲಸ ಕೆಟ್ಟಿತು ಎಂದೇ ಅರ್ಥವಾಯಿತು. ಏಳು ಕೋಟಿಯ ಟಗರು ಎಲ್ಲಿದೆ ಎಂದು ಕೊಡಂಗಲ್ಲಿನಿಂದ ಒಬ್ಬ ವ್ಯಾಪಾರಿ ಕಾರಿನಲ್ಲಿ ಬಂದು, ಸರ್ದಾರನ ಹಲ್ಲು ನೋಡಿ, ಕಲ್ಯಾಣಪ್ಪನ ಮುಖ ನೋಡಿ, ಕಾರು ತಿರುಗಿಸಿಕೊಂಡು ಹೋದ.

ಶಿವರಾಜನ ಪಾಡು ಇನ್ನೂ ದೊಡ್ಡದು. ಮನೂರಿನಿಂದ ಆಟೋ, ನಾರಾಯಣಖೇಡದಿಂದ ಬಸ್ಸು, ಜಹೀರಾಬಾದಿನಲ್ಲಿ ಇನ್ನೊಂದು, ತಾಂಡೂರಿನಲ್ಲಿ ಮತ್ತೊಂದು. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವರಿಂದ ಭಾಜಕಗಳನ್ನು ಕೂಡಿಹಾಕುತ್ತ ಬರುತ್ತಿದ್ದ. ಆಟೋದಲ್ಲಿ ಯಾರೋ ಹದಿನೇಳು ಹೇಳಿದರು, ಜಹೀರಾಬಾದಿನ ಟ್ಯೂಶನ್ ಮಾಸ್ತರ ಹತ್ತೊಂಬತ್ತು ಎಂದ. ಹದಿನೇಳರಿಂದ ಹದಿಮೂರು ಉಳಿಯಿತು, ಹತ್ತೊಂಬತ್ತರಿಂದ ಆರು.

"ಫೋನಿನಾಗ ನೋಡಿದ್ರ ಆಗಂಗಿಲ್ಲ ಅಂತದಲ್ಲೋ," ಎಂದ ಖಂಡೆಪ್ಪ.

"ಫೋನು ಹೋದ ವಾರ ಮಳಿ ಬರ್ತದ ಅಂದಿತ್ತು. ಬಂತೇನು?"

ಅವನು ಎರಡನೇ ಸಲ ಬಂದಾಗ ದೊಡ್ಡಿಯಲ್ಲಿ ಒಂದು ಅನಾಹುತ ಕಾದಿತ್ತು. ಮುದಿ ಮೇಕೆ ಸರ್ದಾರನ ಬಿಲ್ಲೆಯ ತುದಿಯನ್ನು ಕಚ್ಚಿ ತಿಂದಿತ್ತು. ಉಳಿದದ್ದು 7393913.

"ನಂಬರು ಬದಲಾತು! ಶರತ್ತು ಖತಂ!" ಎಂದ ಶಿವರಾಜ. ಅವನ ದನಿಯಲ್ಲಿ ಸ್ವಲ್ಪ ಬಿಡುಗಡೆಯ ಸಂತೋಷವೂ ಇತ್ತು.

"ಯಾಕ ಖತಂ?" ಕಲ್ಯಾಣಪ್ಪ ಕೆರಳಿದ. "ಹಳೇದೂ ಇರ್ಲಿ, ಉಳಿದದ್ದೂ ಇರ್ಲಿ. ಯಾವುದನ್ನರ ಒಡಿ. ಕಿವಿ ಮ್ಯಾಲ ಎಷ್ಟು ಉಳೀತದೋ ಅಷ್ಟಕ್ಕೂ ನನ್ನ ಮಾತದ. ಬರಕೋರಿ ಸೆಕ್ರೆಟ್ರಿ ಸಾಹೇಬ್ರ!"

ದೇವಿದಾಸ ಅದನ್ನೂ ನೋಟೀಸಿನ ಅಂಚಿನಲ್ಲಿ ಬರೆದುಕೊಂಡ. ಕಲ್ಯಾಣಪ್ಪನ ಧೈರ್ಯಕ್ಕೆ ಕಟ್ಟೆ ಬೆರಗಾಯಿತು. ಮೇಕೆಗೆ ಇದರಿಂದ ಇನ್ನಷ್ಟು ಹುರುಪು ಬಂದಿರಬೇಕು. ಕಟ್ಟಿದರೆ ಹಗ್ಗ ತಿಂದು ಬಂತು, ಬೇರೆ ಕಡೆ ಕೂಡಿದರೆ ಬೇಲಿ ಹಾರಿ ಬಂತು. ವಾರಕ್ಕೊಂದು ಅಂಕಿ, ಹಬ್ಬವಿದ್ದರೆ ಎರಡು.

ಮೂರನೇ ಸಲ ಬಂದಾಗ ಉಳಿದದ್ದು 7393. ಶಿವರಾಜನ ಮುಖ ಅರಳಿತು. ನಾಲ್ಕೇ ಅಂಕಿ! ಸರ್ದಾರನ ಎದುರಿಗೇ ಕೂತು ಸೀಮೆಸುಣ್ಣ ಹಿಡಿದ. ಮೂರರಿಂದ ಭಾಗಿಸಿದ, ಒಂದು ಉಳಿಯಿತು. ಏಳರಿಂದ ಭಾಗಿಸಿದ, ಒಂದು ಉಳಿಯಿತು. ಎಂಟು, ಒಂದು. ಹನ್ನೊಂದು, ಒಂದು. ಹನ್ನೆರಡು, ಮತ್ತೆ ಒಂದು. ಅದೇ ಒಂದು ಕುರಿ ಪ್ರತಿ ದೊಡ್ಡಿಯ ಹೊರಗೂ ನಿಂತು ತನ್ನನ್ನೇ ನೋಡುತ್ತಿದೆ ಎಂದು ಶಿವರಾಜನಿಗೆ ಅನ್ನಿಸಿತು. ಸೀಮೆಸುಣ್ಣ ಎಸೆದ. ಮೇಕೆ ಅದನ್ನೂ ತಿಂದಿತು.

"ನಿಮ್ಮ ಟಗರು ಮಾಟದ್ದದ ಮಾವ," ಎಂದು ಬೆವರು ಒರೆಸಿಕೊಂಡ.

"ಮಾಟ ಅಲ್ಲ ಅಳಿಯಾ, ಇಜ್ಜತ್ತು," ಎಂದ ಕಲ್ಯಾಣಪ್ಪ. ಆ ದಿನ ಮೀಸೆ ಎಷ್ಟು ತಿರುವಿದನೆಂದರೆ ಸಂಜೆ ಕ್ಷೌರಿಕನ ಬಳಿ ಹೋಗಿ ಸರಿಮಾಡಿಸಿಕೊಳ್ಳಬೇಕಾಯಿತು.

ಎಳ್ಳಮಾವಾಸ್ಯೆ ಬಂತು. ಹಾಸ್ಟೆಲಿನಿಂದ ಶಿರೀಷಾ, ಮನೂರಿನಿಂದ ಶಿವರಾಜ ಬಂದಿದ್ದರು. ಎಲ್ಲರಂತೆ ಇವರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಆಳೆತ್ತರದ ಜೋಳ. ಅದರ ನಡುವೆ ಜಾಗ ಮಾಡಿ, ಭೂಮಿಗೆ ಪೂಜೆ ಮಾಡಿ, ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲಿ ಊಟಕ್ಕೆ ಕೂತರು. ಶರತ್ತಿನ ಗಡುವಾದ್ದರಿಂದ ದೇವಿದಾಸ ನೋಟೀಸು ಹಿಡಿದು ಬಂದಿದ್ದ, ಖಂಡೆಪ್ಪ ಸಾಕ್ಷಿಗೆಂದು ಬಂದಿದ್ದ. ಧಮ್ಮಶೀಲಾಳನ್ನು ಲಕ್ಷ್ಮಿಬಾಯಿಯೇ ಕರೆದಿದ್ದಳು. ಅವಳು ಕಂಕುಳಲ್ಲಿ ಒಂದು ರಿಜಿಸ್ಟರು ಇಟ್ಟುಕೊಂಡಿದ್ದಳು. ಸರ್ದಾರನನ್ನು ಬೇವಿನ ಮರಕ್ಕೆ ಕಟ್ಟಿತ್ತು. ಅದರ ಕಿವಿಯಲ್ಲಿ ಉಳಿದದ್ದು ಬೆರಳಗಲದ ಪ್ಲಾಸ್ಟಿಕ್ಕು, ಅದರ ಮೇಲೆ 7.

ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಮುಗಿದವು. ಶಿವರಾಜ ನಿಟ್ಟುಸಿರು ಬಿಟ್ಟ. "ಸೋತೆ ಮಾವ. ಏಳು ಅಂದ್ರ ಏಳೇ. ಎರಡರಿಂದ ಇಲ್ಲ, ಮೂರರಿಂದ ಇಲ್ಲ, ಐದರಿಂದ ಇಲ್ಲ. ಎಬ್ಬಸ್ರಿ ಟಗರನ್ನ, ಹೊರ್ತೀನಿ."

ಕಲ್ಯಾಣಪ್ಪ ಎದ್ದು ನಿಂತು ರುಮಾಲು ಸುತ್ತಿಕೊಂಡ. ಭಾಷಣಕ್ಕೆ ಗಂಟಲು ಸರಿಮಾಡಿಕೊಂಡ.

"ಕೂಡ್ರಿ. ಊಟ ಇನ್ನೂ ಮುಗಿದಿಲ್ಲ," ಎಂದಳು ಲಕ್ಷ್ಮಿಬಾಯಿ. ಬುಟ್ಟಿಯ ತಳದಿಂದ ಶೇಂಗಾ ಹೋಳಿಗೆ ತೆಗೆದಳು. "ಏಳು ಹೋಳಿಗಿ ಅವ. ನಾವು ಏಳು ಮಂದಿ ಇದ್ದೀವಿ. ಒಬ್ಬೊಬ್ಬರಿಗೆ ಒಂದೊಂದು. ಬುಟ್ಟಿ ಖಾಲಿ."

ಹೋಳಿಗೆ ಎಲ್ಲರ ಕೈಗೆ ಬಂತು. ಯಾರೂ ಬಾಯಿಗೆ ಇಡಲಿಲ್ಲ. ದೇವಿದಾಸ ತನ್ನ ಹೋಳಿಗೆ ನೋಡಿದ, ಖಾಲಿ ಬುಟ್ಟಿ ನೋಡಿದ, ಟಗರಿನ ಕಿವಿ ನೋಡಿದ. ಆಮೇಲೆ ನಿಧಾನವಾಗಿ ನೋಟೀಸು ಬಿಡಿಸಿದ.

"ಏಳು... ಏಳರಿಂದ ಹೋಗ್ತದ," ಎಂದ. "ಏನೂ ಉಳಿಯಂಗಿಲ್ಲ."

"ಹಂಗಾದ್ರ ಏಳು ಕೋಟಿದೂ ತನ್ನಿಂದ ತಾನು ಹೋಗ್ತದ!" ಖಂಡೆಪ್ಪ ತೊಡೆ ತಟ್ಟಿದ.

"ಅದನ್ನೇ ಅವತ್ತು ಹೇಳಾಕ ಹೊಂಟಿದ್ದೆ," ಎಂದಳು ಶಿರೀಷಾ. "ಒಂದು ಬಿಟ್ಟು, ಮತ್ತ ಆ ಸಂಖ್ಯೆ ತಾನೇ ಬಿಟ್ಟು ಅಂತ."

ಕಲ್ಯಾಣಪ್ಪನ ಮುಖ ಕೆಂಪೇರಿತು. "ತನ್ನನ್ನ ತಾನೇ ಒಡ್ಕೊಂತದಾ? ಎಂಥಾ ನಂಬರಲೇ ಇದು! ಒಂದೂವರೆ ತಿಂಗಳು ಜಗತ್ತೆಲ್ಲಾ ತಡಕೊಂಡು, ಕೊನಿಗೆ ತಾನೇ ತನಗ ಬೆನ್ನಿಗೆ ಚೂರಿ ಹಾಕ್ತದಾ?"

ಶಿವರಾಜ ಅಷ್ಟರಲ್ಲಿ ಬೇವಿನ ಮರದ ಬುಡದಲ್ಲಿ ಹಗ್ಗ ಬಿಚ್ಚುತ್ತಿದ್ದ. ಸರ್ದಾರ ಲಕ್ಷ್ಮಿಬಾಯಿಯ ಕಡೆ ತಿರುಗಿ ಒಂದು ಸಲ ಬ್ಯಾ ಎಂದಿತು. ಆ ದನಿಗೆ ಕಲ್ಯಾಣಪ್ಪನ ಸಿಟ್ಟೆಲ್ಲ ಇಳಿದು ಹೋಯಿತು. ಅವನ ಕೈಯ ಹೋಳಿಗೆ ಮುರಿಯಿತು. ಸಿಟ್ಟಿಲ್ಲದ ಕಲ್ಯಾಣಪ್ಪನನ್ನು ಆ ಊರಿನವರು ಅಂದೇ ಮೊದಲು ನೋಡಿದ್ದು. ಗುರುತು ಹಿಡಿಯುವುದು ಕಷ್ಟವಾಯಿತು.

"ಲಕ್ಷ್ಮೀ," ಎಂದ.

"ಹಗ್ಗ ಬಿಡೋ ಶಿವರಾಜ," ಎಂದಳು ಲಕ್ಷ್ಮಿಬಾಯಿ. "ಡಾಕ್ಟ್ರಮ್ಮ, ಓದ್ರಿ."

ಧಮ್ಮಶೀಲಾ ರಿಜಿಸ್ಟರು ತೆರೆದು, ಕೈಯ ಎಣ್ಣೆ ತಾಗದಂತೆ ಮೊಣಕೈಯಲ್ಲಿ ಹಾಳೆ ಒತ್ತಿ ಹಿಡಿದು ಓದಿದಳು. "ನಂಬರ್ 73939133. ಟಗರು. ವಯಸ್ಸು ಮೂರು ವರ್ಷ. ಮಾಲೀಕರು: ಲಕ್ಷ್ಮಿಬಾಯಿ."

"ಕಲ್ಯಾಣಪ್ಪ ಅಂತ ಇಲ್ಲೇನ್ರಿ?" ಎಂದ ಶಿವರಾಜ.

"ಗಂಡನ ಹೆಸರು ಅಂತ ಒಂದು ಖಾನೆ ಅದ. ಅದರಾಗ ಅದ."

ದೇವಿದಾಸ ನೋಟೀಸನ್ನು ನಾಲ್ಕು ಮಡಿಕೆ ಮಡಿಸಿದ. "ತನ್ನದಲ್ಲದ ಟಗರು ಶರತ್ತಿಗೆ ಇಡಾಕ ಬರಂಗಿಲ್ಲ. ಕರಾರು ರದ್ದು."

"ಅಕ್ಕಾ, ಇದು ಮೋಸ! ನಿನಗ ಮೊದಲೇ ಗೊತ್ತಿತ್ತು!"

"ಎಲ್ಲಾ ಗೊತ್ತಿತ್ತು. ಮಗಳು ಹೇಳೋಕಿಂತ ಮೊದಲೇ ಗೊತ್ತಿತ್ತು. ದಿನಾ ಎಷ್ಟು ಮಂದಿಯೋ ಅಷ್ಟು ರೊಟ್ಟಿ ಬಡಿಯಾಕಿ ನಾನು. ಊರಾಗಿನ ಫರ್ಸಿ ಎಲ್ಲಾ ಬರದು ಕೆಡಿಸಿದ್ರಿ. ನನ್ನ ಯಾರರ ಕೇಳಿದ್ರೇನು?" ಅವಳು ಇಬ್ಬರನ್ನೂ ನೋಡಿದಳು. "ಕೇಳದ ಕೊಟ್ಟವ ಒಬ್ಬ, ಕೇಳದ ಒಯ್ಯಾಕ ನಿಂತವ ಒಬ್ಬ. ನಾಳಿ ಸರ್ದಾರಂಗ ಹೊಸಾ ಬಿಲ್ಲಿ ಹೊಡಿಸಬೇಕು. ಹೊತ್ಕೊಂಡು ನಡೀರಿ, ಇಬ್ಬರೂ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಬಶೀರಾಬಾದು ತುಂಬ ಜನ ನೋಡುತ್ತಿರಲು ಮನೆಯಿಂದ ಬಸ್ ಸ್ಟ್ಯಾಂಡಿನವರೆಗೆ ಕಲ್ಯಾಣಪ್ಪ, ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ಶಿವರಾಜ ಸರ್ದಾರನನ್ನು ಹೊತ್ತರು. ಆ ದಾರಿಯೊಂದು ಮಾತ್ರ ಎರಡರಿಂದ ನಿಶ್ಶೇಷವಾಗಿ ಭಾಗ ಹೋಯಿತು. ಸರ್ದಾರ ಮೇಲಿಂದ ಎರಡೂ ಕಡೆಯ ಅಂಗಡಿಗಳನ್ನು ನೋಡುತ್ತ, ತಪಾಸಣೆಗೆ ಬಂದ ಅಧಿಕಾರಿಯಂತೆ ಹೋಯಿತು. ಹಿಂದೆ ಲಕ್ಷ್ಮಿಬಾಯಿ ಖಾಲಿ ಕೈಯಲ್ಲಿ ನಡೆದಳು.

ಹೊಸ ಬಿಲ್ಲೆಯ ನಂಬರಿನ ಕೊನೆಗೆ ಎರಡು ಸೊನ್ನೆ ಇತ್ತು. ಖಂಡೆಪ್ಪ ಹೋಟೆಲಿನಿಂದ ಹೊರಗೆ ಬಂದು ಬೆರಳು ಮಡಿಸಿದ. "ಎರಡು, ನಾಕು, ಐದು, ಹತ್ತು, ಇಪ್ಪತ್ತು, ಇಪ್ಪತ್ತೈದು, ಐವತ್ತು, ನೂರು. ಕಲ್ಯಾಣಪ್ಪ, ಇದು ಯಾವುದಕ್ಕ ಬೇಕಾದ್ರೂ ಒಡೀತದಲ್ಲೋ!"

"ಒಡೀಲಿ ಬಿಡಲೇ," ಎಂದ ಕಲ್ಯಾಣಪ್ಪ ಸೊಂಟ ಹಿಡಿದುಕೊಂಡು. "ನಂಬರು ಯಾರಿಗೆ ಬೇಕೋ ಅವರು ಹಂಚ್ಕೋರಿ. ಟಗರು ಆಕೀದು."

ಆ ದಿನ ಅವನ ತಟ್ಟೆಗೆ ಮಜ್ಜಿಗೆ ಬಂತು.

ತಿಂಗಳಾದ ಮೇಲೆ ಒಂದು ಭಾನುವಾರ ಕಲ್ಯಾಣಪ್ಪ ದೊಡ್ಡಿಯಿಂದ ಮೆಲ್ಲಗೆ ಬಂದು ಮಗಳ ಪಕ್ಕದಲ್ಲಿ ಕೂತ. ಸುತ್ತ ನೋಡಿ ಪಿಸುಗುಟ್ಟಿದ. "ಶಿರೀಷಾ, ಮೇಕಿ ಎರಡೂ ಸೊನ್ನಿ ತಿಂದದ. ಈಗ ಉಳಿದ ನಂಬರು ಜರಾ ನೋಡು..."

"ಏನು ನೋಡೋದ್ರಿ?" ಒಳಗಿನಿಂದ ಲಕ್ಷ್ಮಿಬಾಯಿಯ ದನಿ ಬಂತು. ರೊಟ್ಟಿ ಬಡಿಯುವುದು ನಿಂತಿತ್ತು.

"ಏನಿಲ್ಲ! ಮೇಕಿ ಹೊಟ್ಟಿ ಉಬ್ಬೇದೇನು ಅಂತ," ಎಂದು ಕಲ್ಯಾಣಪ್ಪ ಸೀಮೆಸುಣ್ಣವನ್ನು ಅಂಗಿಯ ಕಿಸೆಯೊಳಗೆ ಆಳಕ್ಕೆ ತಳ್ಳಿದ.